ನಡುಗುವ ಕೈಗೆ ಒಪ್ಪುವ ಬಣ್ಣ

ಫೆಬ್ರವರಿ 11

ಪ್ರೀತಿಯ ಅವಸರದಮ್ಮನಿಗೆ,

ನಿಧಾನಿ ಅತ್ತಿಗೆಯ ಮನಸಾರೆ ಆಶೀರ್ವಾದಗಳು. ನೀನು ಮಗಳ ಮನೆ ಸೇರಿದ ಮೇಲೆ ಕಳಿಸಿದ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಮೊದಲು ಬೈದುಬಿಡು, ಆಮೇಲೆ ಮುಂದೆ ಓದು. ಫೋನಿನಲ್ಲಿ ಮಾತಾಡೋಣವೆಂದರೆ "ಚೆನ್ನಾಗಿದೀನಿ ಅತ್ತಿಗೆ, ಇಡ್ಲಾ?" ಎಂದು ಎರಡೇ ಮಾತಿಗೆ ಮುಗಿಸುತ್ತೀಯ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಅಕ್ಷರ ಕುಂಬಳಕಾಯಿ ಗಾತ್ರಕ್ಕಿದೆ, ಸಾಲಿನ ಮೇಲೆ ಸಾಲು ಹತ್ತಿದೆ ಎಂದು ನಗಬೇಡ. ನಿನ್ನಣ್ಣ ಮೂಟೆಗಳಿಗೆ ಗುರುತು ಹಾಕುವಂಥ ದಪ್ಪ ಪೆನ್ನು ತಂದಿಟ್ಟಿದ್ದಾರೆ, ಎಲ್ಲ ಅದರದ್ದೇ ಕಾರುಬಾರು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನಣ್ಣನಿಗೆ ನಿವೃತ್ತಿಯಾಯಿತೇ ಹೊರತು ಮೇಷ್ಟ್ರುಗಿರಿ ಬಿಟ್ಟಿಲ್ಲ. ನೀನು ಮಗಳ ಕೈಲಿ ಬರೆಸಿದ ಕಾಗದಗಳನ್ನು ಕಿಟಕಿಯ ಹತ್ತಿರ ನಿಂತು, ತರಗತಿಗೆ ಪಾಠ ಹೇಳುವವರ ಹಾಗೆ ಗಟ್ಟಿಯಾಗಿ ಓದಿದರು. ಎರಡು ಕಡೆ ಒತ್ತಕ್ಷರ ತಪ್ಪಿದೆಯೆಂದು ಸೋದರಸೊಸೆಯ ಅಂಕವನ್ನೂ ಕಳೆದರು. ಬಡಗಿ ದಿನಾ ಬರುತ್ತಾನೆ. ಬಾಯಿ ಮುಚ್ಚಿದ್ದನ್ನು ಯಾರೂ ಕಾಣದ ಆ ಮನುಷ್ಯನಿಗೆ ನೀನು "ಮೌನಿ" ಎಂದು ಹೆಸರಿಟ್ಟೆಯಲ್ಲ, ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳಂತೆ. ನಮ್ಮ ಪುಟ್ಟ ಮಾದರಿ ಟ್ರಾಮಿನ ಮೆಟ್ಟಿಲುಗಳನ್ನು, ಚಾಲಕ ನಿಲ್ಲುವ ಕಟಾಂಜನವನ್ನು ಅವನು ಎಷ್ಟು ಚೆನ್ನಾಗಿ ಮಾಡಿದ್ದಾನೆಂದರೆ, ಬೆರಳಾಡಿಸಿದರೆ ಗೆಣ್ಣು ಗೆಣ್ಣೂ ಸಿಗುತ್ತದೆ.

ಟ್ರಾಮಿನ ಸುದ್ದಿಗೆ ಬಂದೆನಲ್ಲ, ಇನ್ನು ಬಿಡುವುದಿಲ್ಲ. ನಮ್ಮಿಬ್ಬರ ಹಿಂದಿನ ಕೋಣೆಯಿಂದ ಇಷ್ಟು ವರ್ಷದಲ್ಲಿ ಬಸ್ಸು, ದೋಣಿ, ರೈಲು ಎಂಜಿನ್ನು, ಸೇತುವೆ, ಏನೇನು ಹೊರಗೆ ಹೋಗಿಲ್ಲ! ಎಲ್ಲವೂ ಅಸಲಿಯ ಇಪ್ಪತ್ತನೇ ಒಂದು ಪಾಲು, ಎಲ್ಲಕ್ಕೂ ಒಂದೇ ಪದ್ಧತಿ. ಮೈಬಣ್ಣ ನನ್ನದು, ಬಣ್ಣ ಹೊಂದಿಸುವುದು ಮತ್ತು ಗೆರೆ ಎಳೆಯುವುದು ನಿನ್ನದು. ಸಾರಿಗೆ ಮ್ಯೂಸಿಯಂನವರು ಈ ಟ್ರಾಮನ್ನು ನಮಗೇ ಕೊಟ್ಟಿದ್ದು ನಿನ್ನ ಗೆರೆ ನೋಡಿ. ಹಸಿರು ಮೈ, ಅದರ ಮೇಲೆ ಪ್ರತಿ ಚೌಕದ ಸುತ್ತ ಕೂದಲೆಳೆಯಷ್ಟು ಕೆನೆಬಣ್ಣದ ಗೆರೆ, ಮೂಲೆಯಲ್ಲಿ ಒಂದು ಸಣ್ಣ ಸುರುಳಿ. ನೀನು ಹಸಿರನ್ನು ಹೊಂದಿಸಿದೆ, ಮಾದರಿಗೆ ಒಂದು ತಗಡಿನ ಚೂರಿಗೂ ಬಳಿದಿಟ್ಟೆ, ಮೊದಲ ಚೌಕಕ್ಕೆ ಕುಂಚ ಇಟ್ಟೆ. ಕೈ ನಡುಗಿತು. ಒರೆಸಲು ಹೋಗುವಷ್ಟರಲ್ಲಿ ಬಣ್ಣ ಒಣಗಿತ್ತು. ಎರಡನೇ ಸಲವೂ ಹಾಗೇ, ಮೂರನೇ ಸಲವೂ ಹಾಗೇ. ಆಮೇಲೆ ನೀನು ಕುಂಚಗಳನ್ನೆಲ್ಲ ತೊಳೆದು, ಬಟ್ಟೆಯಲ್ಲಿ ಸುತ್ತಿ ನನ್ನ ಮಡಿಲಿಗೆ ಹಾಕಿ, "ಕೈ ನಡುಗೋರು ಕುಂಚ ಹಿಡೀಬಾರ್ದು ಅತ್ತಿಗೆ, ಬೇರೆ ಯಾರನ್ನಾದ್ರೂ ಇಟ್ಕೊಳ್ಳಿ" ಎಂದೆ. ಆ ವಾರದಲ್ಲೇ ರೈಲು ಹತ್ತಿದೆ. ಅವತ್ತು ನನಗೆ ಅಳು ಬಂದಿತ್ತು. ನಿನ್ನೆದುರು ಅಳಬಾರದೆಂದು ಕಾಫಿ ಸೋಸಲು ಒಳಗೆ ಹೋದೆ.

ಮ್ಯೂಸಿಯಂನವರು ಮೊನ್ನೆ ಫೋನ್ ಮಾಡಿ, ಗೆರೆಗೆ ಸ್ಟಿಕ್ಕರ್ ಅಂಟಿಸಿಬಿಡಿ, ದೂರದಿಂದ ಯಾರಿಗೆ ತಿಳಿಯುತ್ತದೆ ಎಂದರು. ನನಗೆ ಮೈ ಉರಿದುಹೋಯಿತು. "ಸ್ಟಿಕ್ಕರ್ ಅಂಟಿಸೋದಾದ್ರೆ ಟ್ರಾಮಿನ ಫೋಟೋನೇ ಅಂಟಿಸ್ಕೊಳ್ಳಿ, ನಾವ್ಯಾಕೆ?" ಎಂದುಬಿಟ್ಟೆ. ಪಾಪ, ಮೇ ತಿಂಗಳವರೆಗೆ ಸಮಯ ಕೊಟ್ಟಿದ್ದಾರೆ. ಆಡಿದ ಮಾತು ಉಳಿಸಿಕೊಳ್ಳಬೇಕಾದರೆ ನೀನು ಬರಬೇಕು. ಇದಿಷ್ಟೇ ವಿಷಯ, ಇನ್ನುಳಿದಿದ್ದೆಲ್ಲ ಒಗ್ಗರಣೆ.

ಈಗ ಒಗ್ಗರಣೆ ಕೇಳು. ನಾವು ಎನಾಮೆಲ್‌ನಲ್ಲೇ ಶುರು ಮಾಡಿದವರು, ನೆನಪಿದೆಯಾ? ಪುಟ್ಟ ಪುಟ್ಟ ಡಬ್ಬಿ, ಮುಚ್ಚಳ ತೆಗೆಯಲು ಸ್ಕ್ರೂಡ್ರೈವರ್, ಮನೆಯೆಲ್ಲ ಟರ್ಪೆಂಟೈನ್ ವಾಸನೆ. ನಿನ್ನಣ್ಣ ಸೀನಿ ಸೀನಿ ಹಾಸಿಗೆಯನ್ನೇ ಹಜಾರಕ್ಕೆ ಸಾಗಿಸಿದ್ದರು. ಆಮೇಲೆ ಒಂದು ದಿನ ನೀನು ಅಕ್ರಿಲಿಕ್ ಶೀಶೆಗಳನ್ನು ಹೊತ್ತು ತಂದೆ. "ನೀರಲ್ಲಿ ಕರಗೋದೂ ಒಂದು ಬಣ್ಣನಾ?" ಎಂದು ನಾನು ಮೂಗು ಮುರಿದೆ. ವಾಸನೆಯಿಲ್ಲ, ಕುಂಚವನ್ನು ನಲ್ಲಿಯ ಕೆಳಗೆ ತೊಳೆದರಾಯಿತು, ಒಂದು ಕೋಟು ಬಳಿದು ಕಾಫಿ ಕುಡಿದು ಬರುವಷ್ಟರಲ್ಲಿ ಇನ್ನೊಂದಕ್ಕೆ ಸಿದ್ಧ. ನಿನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಬಣ್ಣ. ನಾನು ಎರಡು ವರ್ಷ ಜಗಳ ಮಾಡಿ ಸೋತೆ, ನನ್ನ ಡಬ್ಬಿಗಳು ಅಟ್ಟ ಸೇರಿದವು, ನಿನ್ನಣ್ಣನ ಹಾಸಿಗೆ ಕೋಣೆಗೆ ವಾಪಸ್ಸು ಬಂತು.

ಆದರೆ ಕೇಳು. ಅಕ್ರಿಲಿಕ್ ಯಾರಿಗೂ ಕಾಯುವುದಿಲ್ಲ. ಕೈ ಸ್ಥಿರವಾಗಿರುವವರಿಗೆ ಅದು ಗುಣ, ಇಲ್ಲದವರಿಗೆ ಶಿಕ್ಷೆ. ಎನಾಮೆಲ್ ಸೋಮಾರಿ, ಒಣಗಲು ಒಂದು ದಿನವಾದರೂ ಬೇಕು. ಆ ಹೊತ್ತಿನಲ್ಲಿ ಕುಂಚದ ಗುರುತು ತಾನಾಗಿ ಹರಡಿ ಸಮವಾಗುತ್ತದೆ, ತಪ್ಪನ್ನು ತಿದ್ದಲೂ ಬಿಡುತ್ತದೆ. ನಿನ್ನ ಕೈ ಕೆಟ್ಟಿದೆಯೆಂದು ಯಾರು ಹೇಳಿದ್ದು? ಕೈಗೆ ತಕ್ಕ ಬಣ್ಣ ನೀನು ಹಿಡಿದಿಲ್ಲ, ಅಷ್ಟೆ. ಅಟ್ಟದಿಂದ ಡಬ್ಬಿಗಳನ್ನು ಇಳಿಸಿದ್ದೇನೆ. ಕೊನೆಗೂ ಹಳೇ ಗಂಡನ ಪಾದವೇ ಗತಿ ಅನ್ನುತ್ತಾರಲ್ಲ, ಹಾಗಾಯಿತು.

ಯೋಚಿಸಿ ಬರೆ. ನಿನ್ನ ಸ್ಟೂಲಿನ ಮೇಲೆ ಯಾರನ್ನೂ ಕೂರಿಸಿಲ್ಲ. ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ ಹೇಳು, ನೀನು ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗು.

ಇತಿ,
ನಿನ್ನ ನಿಧಾನಿ ಅತ್ತಿಗೆ

ಮರೆತಿದ್ದೆ: ನಿನ್ನಣ್ಣ ಮದುವೆಮನೆಗೆ ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ಕಡುನೀಲಿ ಕಾಲುಚೀಲ ಹಾಕಿಕೊಂಡು ಹೋಗಿ ಬಂದರು. ನೀನಿದ್ದರೆ ಹೊಸ್ತಿಲಲ್ಲೇ ಹಿಡಿಯುತ್ತಿದ್ದೆ. ನಾನಂತೂ ಬಿಟ್ಟುಬಿಟ್ಟೆ.


ಮಾರ್ಚ್ 2

ಪ್ರೀತಿಯ ಹಟಮಾರಿಗೆ,

ಆಶೀರ್ವಾದ ಕೊನೆಯಲ್ಲಿ, ಮೊದಲು ಜಗಳ. ನಿನ್ನ ಉತ್ತರ ಬಂತು, ನಿನ್ನಣ್ಣ ಓದಿ ಹೇಳಿದರು. ಓದುತ್ತ ಓದುತ್ತ ಅವರ ದನಿ ಸಣ್ಣದಾಯಿತು. "ಅತ್ತಿಗೆ, ನನಗೆ ಕನಿಕರ ಬೇಡ. ನೀವು ಒಳ್ಳೇವ್ರು, ನನ್ನನ್ನ ಸಮಾಧಾನ ಮಾಡೋಕೆ ಬಣ್ಣ ಬದಲಾಯಿಸ್ತಿದೀರಾ. ನಡುಗೋ ಕೈಗೆ ಯಾವ ಬಣ್ಣ ಆದ್ರೇನು?" ಎಂದು ಬರೆಸಿದ್ದೀಯಲ್ಲ, ನಿನ್ನ ಮಗಳಿಗಾದರೂ ಅದನ್ನು ಬರೆಯುವಾಗ ಕೈ ತಡೆಯಬಾರದಿತ್ತೇ? ನಾನು ಒಳ್ಳೆಯವಳು ಎಂದು ನಿನಗೆ ಯಾರು ಹೇಳಿದರು? ಮೂವತ್ತು ವರ್ಷದಿಂದ ನಾದಿನಿ ಕಾಟ ಕೊಡಲು ನಿನ್ನನ್ನು ಬಿಡದೆ, ನಿನಗೇ ಅತ್ತಿಗೆ ಕಾಟ ಕೊಟ್ಟವಳು ನಾನು.

ಎರಡು ದಿನ ನಿನ್ನ ಮೇಲೆ ಸಿಟ್ಟಿನಲ್ಲಿದ್ದೆ. ಮೂರನೇ ದಿನ ಅನ್ನಿಸಿತು, ನಿನ್ನ ಪ್ರಶ್ನೆ ನ್ಯಾಯವಾದದ್ದೇ. ನಡುಗುವ ಕೈಗೆ ಯಾವ ಬಣ್ಣವಾದರೇನು ಎಂದು ಕೇಳಿದ್ದೀಯ, ಬರೀ ಬಾಯಿಮಾತಿನಲ್ಲಿ ಉತ್ತರ ಹೇಳಿದರೆ ಆಗದು, ಮಾಡಿ ನೋಡಬೇಕು. ಆದರೆ ನನ್ನ ಕೈ ಕಲ್ಲು, ಗೊತ್ತಲ್ಲ. ಕಲ್ಲಿನಂಥ ಕೈಯಲ್ಲಿ ಪರೀಕ್ಷೆ ಮಾಡಿ ನಿನಗೆ ಉಪದೇಶ ಮಾಡಿದರೆ ಮೋಸವಾಗುತ್ತದೆ. ಎಡಗೈಯಲ್ಲಿ ಎಳೆದು ನೋಡಿದೆ, ಅದು ಸೊಟ್ಟಗೆ ಹೋಗುತ್ತದೆಯೇ ಹೊರತು ನಡುಗುವುದಿಲ್ಲ. ಬೆಟ್ಟದಂಥ ನೀರಿನ ಕೊಡ ಹೊತ್ತು ಸುಸ್ತಾಗಿ ಬಂದು ಎಳೆದೆ. ಉಸಿರು ನಡುಗಿತು, ಕೈ ಇಲ್ಲ.

ಕೊನೆಗೆ ಏನು ಮಾಡಿದೆ ಅಂತೀಯ? ವಾಷಿಂಗ್ ಮೆಷಿನ್‌ಗೆ ನಿನ್ನಣ್ಣನ ಅಂಗಿಗಳನ್ನು ತುಂಬಿ, ಅದು ಬಟ್ಟೆ ಹಿಂಡಲು ಗಿರಗಿರ ತಿರುಗುವ ಹೊತ್ತಿಗೆ ಸರಿಯಾಗಿ ಅದರ ತಲೆಯ ಮೇಲೆ ಮೊಣಕೈ ಊರಿ ಗೆರೆ ಎಳೆಯಲು ಕೂತೆ. ಕೈ ಏನು ನಡುಗಿತು ಅಂತೀಯ! ಹಲ್ಲೂ ನಡುಗಿತು. ಬಚ್ಚಲ ಕಿಟಕಿ ತೆಗೆದು, ಸೊಂಟಕ್ಕೆ ಟವೆಲ್ ಬಿಗಿದು, ಒಂದು ಕೈಲಿ ತಗಡು, ಒಂದು ಕೈಲಿ ಕುಂಚ. ಮೌನಿ ಬಾಗಿಲಲ್ಲಿ ನಿಂತು ನೋಡಿದ. ಜೀವನದಲ್ಲಿ ಮೊದಲ ಸಲ ಅವನಿಗೆ ಮಾತು ಹೊರಡಲಿಲ್ಲ. ಆಮೇಲೆ, "ಅಮ್ಮಾರೇ, ಯಜಮಾನ್ರನ್ನ ಕರೀಲಾ? ಇಲ್ಲ ಡಾಕ್ಟ್ರನ್ನ ಕರೀಲಾ?" ಎಂದ.

ತಗಡಿನ ಅಂಚಿಗೆ ಬೆರಳು ಒತ್ತಿಕೊಂಡು ಮೊದಲು ಅಕ್ರಿಲಿಕ್‌ನಲ್ಲಿ ಎಳೆದೆ, ಆಮೇಲೆ ಎನಾಮೆಲ್‌ನಲ್ಲಿ. ತೀರ್ಪು ಕೊಡಲು ನಿನ್ನಣ್ಣನನ್ನೇ ಕೂರಿಸಿದೆ. ಸ್ವಂತ ಉತ್ತರಪತ್ರಿಕೆಯನ್ನು ತಾವೇ ತಿದ್ದಬಾರದಲ್ಲ. ಅವರು ಭೂತಗನ್ನಡಿ ಹಿಡಿದು, ಕೆಂಪು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಅಂಕ ಹಾಕಿದರು. ಅಕ್ರಿಲಿಕ್‌ಗೆ ಹತ್ತಕ್ಕೆ ಎರಡು. "ಇದು ಗೆರೆ ಅಲ್ಲ, ಗರಗಸ" ಎಂದು ಷರಾ ಬರೆದರು. ಎನಾಮೆಲ್‌ಗೆ ಆರು. "ಪಾಸು. ಆದರೆ ಪ್ರಯತ್ನ ಸಾಲದು."

ಆ ಆರನ್ನು ಮೇಲೆತ್ತಬೇಕೆಂದು ನಾನು ಜಾಣತನ ಮಾಡಲು ಹೋಗಿ ಕೆಟ್ಟೆ. ಗೆರೆಯ ಜೊತೆ ಮೈಬಣ್ಣವೂ ಎನಾಮೆಲ್ಲೇ ಆಗಲೆಂದು, ಮಾದರಿಗೆ ಮೌನಿ ಮಾಡಿಕೊಟ್ಟಿದ್ದ ಸಣ್ಣ ಚಾವಣಿಗೆ ಪೂರ್ತಿ ಮೈಬಣ್ಣ ಬಳಿದಿದ್ದೆ. ಮಾರನೇ ದಿನ ಅದರ ಮೇಲೆ ಇನ್ನೊಂದು ಕೋಟು ಕೊಟ್ಟೆ. ಸಂಜೆಗೆ ನೋಡಿದರೆ ಬತ್ತಿದ ಕೆರೆಯ ಹಾಗೆ ಬಿರುಕು ಬಿಟ್ಟಿದೆ! ಕೆಳಗೆ ಹೋಗಿದ್ದು ಎನಾಮೆಲ್, ಮೇಲೆ ಬಿದ್ದಿದ್ದು ಅಕ್ರಿಲಿಕ್. ಒಳಗಿನದು ಇನ್ನೂ ಹಸಿಯಾಗಿ ಉಸಿರಾಡುತ್ತಿರುವಾಗ ಹೊರಗಿನದು ಅವಸರಕ್ಕೆ ಬಿಗಿದುಕೊಂಡರೆ ಬಿರಿಯದೆ ಇನ್ನೇನಾಗುತ್ತದೆ? ನಮ್ಮ ಕಸುಬಿನಲ್ಲಿ ಮೊದಲ ವಾರ ಕಲಿಯುವ ಪಾಠ. ತಪ್ಪು ಮೌನಿಯದು ಬಿಡು. ಎರಡೂ ಬಣ್ಣವನ್ನು ಒಂದೇ ಥರದ ಶೀಶೆಗೆ ಹೊಯ್ದು ಕಪಾಟಿನಲ್ಲಿ ಅದಲುಬದಲು ಇಟ್ಟಿದ್ದಾನೆ. ಚೆನ್ನಾಗಿ ಬೈದೆ. ಅವನು "ಶೀಶೆ ಮೇಲೆ ಬರ್ದಿದೀನಲ್ಲಾ ಅಮ್ಮಾರೇ, ದೊಡ್ಡದಾಗಿ" ಎಂದು ಗೊಣಗಿದ. ಎದುರುತ್ತರ ಬೇರೆ.

ಆದರೆ ಕೆಟ್ಟ ಮೇಲೆ ಬುದ್ಧಿ ಬಂತು. ಆ ಚಾವಣಿಯನ್ನು ನೋಡುತ್ತ ಕೂತಾಗ ಹೊಳೆಯಿತು: ತಲೆಕೆಳಗಾಗಿ ಮಾಡಿದರೆ? ಕೆಳಗೆ ನಿನ್ನ ಅಕ್ರಿಲಿಕ್, ಮೇಲೆ ನನ್ನ ಎನಾಮೆಲ್. ಅಕ್ರಿಲಿಕ್ ಪೂರ್ತಿ ಒಣಗಿ ಗಟ್ಟಿಯಾದ ಮೇಲೆ ಟರ್ಪೆಂಟೈನ್ ಅದನ್ನು ಏನೂ ಮಾಡುವುದಿಲ್ಲ, ಆದರೆ ಎನಾಮೆಲ್ ಗೆರೆಯನ್ನು ನೆಕ್ಕಿ ತೆಗೆಯುತ್ತದೆ. ಅಂದರೆ ಗೆರೆ ನಡುಗಲಿ, ದಪ್ಪವಾಗಲಿ, ಅಂಚು ಹಲ್ಲುಹಲ್ಲಾಗಲಿ, ಪರವಾಗಿಲ್ಲ. ಚಪ್ಪಟೆ ಕುಂಚವನ್ನು ಟರ್ಪೆಂಟೈನ್‌ಗೆ ಅದ್ದಿ, ಬಟ್ಟೆಗೆ ಒರೆಸಿ, ಗೆರೆಯ ಅಂಚಿನುದ್ದಕ್ಕೂ ಎಳೆದರೆ ಹೆಚ್ಚಿದ್ದೆಲ್ಲ ಬಂದುಬಿಡುತ್ತದೆ. ಹಸಿರು ಮೈಗೆ ಏನೂ ಆಗುವುದಿಲ್ಲ. ಮತ್ತೆ ತಪ್ಪಿತೇ? ಪೂರ್ತಿ ಅಳಿಸು, ಮತ್ತೆ ಎಳೆ. ಹತ್ತು ಸಲ ಅಳಿಸು. ಯಾರು ಓಡಿಸುತ್ತಿದ್ದಾರೆ?

ಮತ್ತೆ ಮೆಷಿನ್ ಹಾಕಿದೆ, ಮತ್ತೆ ಮೊಣಕೈ ಊರಿದೆ. ಎಳೆದೆ, ಅಂಚು ಒರೆಸಿದೆ, ಎಳೆದೆ, ಒರೆಸಿದೆ. ನಿನ್ನಣ್ಣ ಭೂತಗನ್ನಡಿಯನ್ನು ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಒಂಬತ್ತು ಹಾಕಿದರು! ಅವರ ಸರ್ವೀಸಿನಲ್ಲಿ ಯಾರಿಗೂ ಒಂಬತ್ತು ಹಾಕಿದವರಲ್ಲ. "ಇನ್ನೊಂದು ಅಂಕ ಎಲ್ಲಿ?" ಎಂದೆ. "ಬಚ್ಚಲಲ್ಲಿ ನೋಡು" ಎಂದರು. ನಾನು ಗೆರೆ ಎಳೆಯುವ ಭರದಲ್ಲಿ ಮೆಷಿನ್ ಕುಣಿಯುತ್ತ ಕುಣಿಯುತ್ತ ಗೋಡೆ ಬಿಟ್ಟು ಬಂದು ಪೈಪನ್ನೇ ಕಿತ್ತುಕೊಂಡಿತ್ತು. ನೀರು ಹಜಾರದವರೆಗೆ ಬಂದಿತ್ತು. ಅವರ ಬಿಳಿ ಅಂಗಿಯೊಂದರ ಮೇಲೆ ಈಗ ಕೆನೆಬಣ್ಣದ ಗೆರೆಯಿದೆ, ಅದೂ ಎನಾಮೆಲ್, ಹೋಗುವುದಿಲ್ಲ.

ಈಗ ಹೇಳು, ಇದು ಕನಿಕರವೇ? ಕನಿಕರಕ್ಕಾಗಿ ಯಾರಾದರೂ ವಾಷಿಂಗ್ ಮೆಷಿನ್ ಕೆಡಿಸಿಕೊಳ್ಳುತ್ತಾರೆಯೇ?

ಬೇಗ ಉತ್ತರ ಬರೆಸು. ದೇವರು ನಿನಗೆ ಒಳ್ಳೇದು ಮಾಡಲಿ, ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ
ಅತ್ತಿಗೆ

ಇನ್ನೊಂದು ಮಾತು: ನೀನು ಕೊಟ್ಟುಹೋದ ಕುಂಚಗಳನ್ನು ವಾರಕ್ಕೊಮ್ಮೆ ಸೋಪಿನಿಂದ ತೊಳೆದು ತುದಿ ಚೂಪು ಮಾಡಿಡುತ್ತಿದ್ದೇನೆ. ಕೂದಲು ಒಂದೂ ಉದುರಿಲ್ಲ.


ಮಾರ್ಚ್ 19

ಪ್ರೀತಿಯ ನಾದಿನಿಗೆ,

ಈ ಸಲ ತಡವಾಗಿದ್ದಕ್ಕೆ ಪೆನ್ನನ್ನಾಗಲಿ ನಿನ್ನಣ್ಣನನ್ನಾಗಲಿ ದೂರುವುದಿಲ್ಲ. ನಿನ್ನ ಕಾಗದ ಕೈಯಲ್ಲಿ ಹಿಡಿದುಕೊಂಡು ನಾಲ್ಕು ದಿನ ಓಡಾಡಿದೆ. ನಿನ್ನ ಮಗಳು ಕೊನೆಯಲ್ಲಿ ತನ್ನದೇ ಎರಡು ಸಾಲು ಸೇರಿಸಿದ್ದಾಳೆ, ನೀನು ನೋಡಿದೆಯೋ ಇಲ್ಲವೋ. "ಅತ್ತೆ, ವಾಷಿಂಗ್ ಮೆಷಿನ್ ಕಥೆ ಓದಿ ಅಮ್ಮ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು. ಅಮ್ಮ ಹಾಗೆ ನಕ್ಕು ತುಂಬ ದಿನ ಆಗಿತ್ತು. ಮಾರನೇ ದಿನ ನನ್ನ ಮಗಳ ಬಣ್ಣದ ಪೆಟ್ಟಿಗೆ ತೆಗೆದು ಒಬ್ಬಳೇ ಕೂತಿದ್ದಳು" ಎಂದು ಬರೆದಿದ್ದಾಳೆ. ಇದನ್ನು ಓದುವಾಗ ನಿನ್ನಣ್ಣ ಒತ್ತಕ್ಷರದ ತಪ್ಪು ಹುಡುಕಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

ಆ ಎರಡು ಸಾಲಿನ ಮೇಲಿದ್ದ ನಿನ್ನ ಪ್ರಶ್ನೆಯನ್ನೂ ಓದಿದರು. "ನಾನು ಬರ್ತೀನಿ ಅಂತ ಹೇಳಲ್ಲ, ಬರಲ್ಲ ಅಂತಾನೂ ಹೇಳಲ್ಲ. ಒಂದು ಮಾತು ನಿಜ ಹೇಳಿ ಅತ್ತಿಗೆ. ನಾನಿಲ್ದೆ ಕೆಲಸ ನಿಂತಿದ್ಯಾ, ಇಲ್ಲ ನನಗೋಸ್ಕರ ನಿಲ್ಸಿದೀರಾ?" ಅದಕ್ಕೆ ಉತ್ತರ ಕೊಡುತ್ತೇನೆ, ತಾಳು. ಮೊದಲು ಕೆಲಸದ ಸುದ್ದಿ ಕೇಳು.

ನಿನ್ನ ಸ್ಟೂಲಿನ ಮುಂದೆ ಮೌನಿ ಒಂದು ಸಣ್ಣ ಸೇತುವೆ ಮಾಡಿಟ್ಟಿದ್ದಾನೆ. ಎರಡು ಕಾಲಿನ ಮೇಲೆ ಒಂದು ಹಲಗೆ, ಟ್ರಾಮು ಅದರ ಕೆಳಗೆ ಜಾರಿಕೊಂಡು ಹೋಗುತ್ತದೆ. ಹಲಗೆಯ ಮೇಲೆ ಮುಂಗೈ ಪೂರ್ತಿ ಊರಿ ಬೆರಳಷ್ಟೇ ಆಡಿಸಬಹುದು. ನಯವಾಗಲೆಂದು ಅದಕ್ಕೆ ತನ್ನ ಹಳೇ ಕಂಬಳಿಯ ತುಂಡು ಹೊದಿಸಿದ್ದಾನೆ. "ಚಿಕ್ಕಮ್ಮಾರು ಬಂದ್ರೆ ಹೇಳಿ, ಎತ್ತರ ಹೆಚ್ಚುಕಮ್ಮಿ ಆದ್ರೆ ಅಲ್ಲೇ ಕೊಯ್ದು ಕೊಡ್ತೀನಿ. ನಮ್ಮತ್ತೆ ಮಂಡಿನೋವಿಗೂ ಹಿಂಗೇ ಒಂದು ಮಣೆ ಮಾಡಿದ್ದೆ, ಅದರ ಕಥೆ ಏನಾಯ್ತು ಅಂದ್ರೆ..." ಎಂದು ಶುರು ಮಾಡಿದ. ಮುಕ್ಕಾಲು ಗಂಟೆ. ಅವನ ಅತ್ತೆಯ ಮಂಡಿ ಈಗ ವಾಸಿಯಂತೆ.

ಮ್ಯೂಸಿಯಂನವರು ಕೆಲಸ ನೋಡಿ ಬರಲು ಒಬ್ಬ ನಿವೃತ್ತ ಟ್ರಾಮ್ ಚಾಲಕರನ್ನು ಕಳಿಸಿದ್ದರು, ನೀನಿದ್ದಾಗ ಒಮ್ಮೆ ಬಂದು ನಿನ್ನ ಹಸಿರನ್ನು ಒಪ್ಪಿ ಹೋಗಿದ್ದರಲ್ಲ, ಅವರೇ. ನೀನು ಕಲೆಸಿಟ್ಟ ಹಸಿರು ಒಂದು ಬದಿಗೇ ಮುಗಿದಿತ್ತು. ಇನ್ನೊಂದು ಬದಿಗೆ ನಾನೇ ಕಲೆಸಿ ಬಳಿದಿದ್ದೆ. ಅವರು ಟ್ರಾಮಿನ ಸುತ್ತ ಒಂದು ಸುತ್ತು ಬಂದರು. ಚಾಲಕನ ಜಾಗದಲ್ಲಿ ಎರಡು ಬೆರಳು ಇಟ್ಟು ಗಂಟೆಯ ಹಗ್ಗ ಎಳೆದ ಹಾಗೆ ಮಾಡಿದರು. ಆಮೇಲೆ ನಿಧಾನವಾಗಿ, "ತಾಯೀ, ಕೆಲಸಕ್ಕೆ ಹೆಸರಿಡೋ ಹಾಗಿಲ್ಲ. ಆದ್ರೆ ಆ ಕಡೆಯಿಂದ ನೋಡಿದ್ರೆ ನಮ್ಮ ಗಾಡಿ, ಈ ಕಡೆಯಿಂದ ನೋಡಿದ್ರೆ ಬೇರೆ ಯಾರದ್ದೋ ಗಾಡಿ" ಎಂದರು. ನನಗೆ ರೇಗಿತು. ಎಂಬತ್ತು ದಾಟಿದವರು, ಕನ್ನಡಕವೋ ಸೋಡಾ ಬಾಟಲಿಯ ತಳ. ಕಿಟಕಿಯ ಬೆಳಕು ಹಾಗೆ ಬೀಳುತ್ತದೆ, ಅದಕ್ಕೆ ಹಾಗೆ ಕಾಣುತ್ತದೆ ಎಂದು ಸಾಧಿಸಿದೆ. ಅವರು ಟ್ರಾಮನ್ನು ಮೆಲ್ಲಗೆ ತಿರುಗಿಸಿ, ಅದೇ ಬೆಳಕಿಗೆ ಇನ್ನೊಂದು ಬದಿಯನ್ನು ಹಿಡಿದು ತೋರಿಸಿದರು. ಕಾಫಿ ಕುಡಿದು, ಗೆರೆ ಎಳೆದ ಮೇಲೆ ಇನ್ನೊಮ್ಮೆ ಬರುತ್ತೇನೆಂದು ಹೇಳಿ ಹೋದರು.

ಈ ಲಕೋಟೆಯಲ್ಲಿ ಎರಡು ತಗಡಿನ ಚೂರು ಇಟ್ಟಿದ್ದೇನೆ. ಒಂದು ನೀನು ಹೋಗುವ ಮೊದಲು ಹಸಿರು ಬಳಿದಿಟ್ಟ ಮಾದರಿ. ಇನ್ನೊಂದು ನಾನು ಕಲೆಸಿದ್ದು. ಎರಡನ್ನೂ ಬೆಳಕಿನಲ್ಲಿ ಹಿಡಿದು ನೋಡಿ, ಆ ಮನುಷ್ಯ ಹೇಳಿದ್ದು ಸರಿಯೋ, ನಾನು ಹೇಳಿದ್ದು ಸರಿಯೋ ತೀರ್ಮಾನ ಮಾಡು.

ಬಣ್ಣದ ವಿಷಯದಲ್ಲಿ ನಮ್ಮ ಜಗಳ ಹೇಗೆ ಮುಗಿಯಿತು ನೋಡು. ಅಕ್ರಿಲಿಕ್ಕೋ ಎನಾಮೆಲ್ಲೋ ಎಂದು ಇಷ್ಟು ವರ್ಷ ಕಿತ್ತಾಡಿದೆವು, ಒಂದು ಗೆದ್ದರೆ ಇನ್ನೊಂದು ಅಟ್ಟ ಹತ್ತಬೇಕು ಎಂದುಕೊಂಡಿದ್ದೆವು. ಒಂದರ ಮೇಲೊಂದು ಹಾಕಬಹುದು, ಯಾವುದು ಕೆಳಗೆ ಎಂಬುದೊಂದು ತಿಳಿದಿದ್ದರೆ ಸಾಕು ಎಂದು ಹೊಳೆಯಲು ಒಂದು ಮೆಷಿನ್ ಕೆಡಬೇಕಾಯಿತು. ಅಂದಹಾಗೆ ಅದು ರಿಪೇರಿಯಾಗಿ ಬಂದಿದೆ. ಮೊದಲಿಗಿಂತ ಕಡಿಮೆ ನಡುಗುತ್ತದೆ. ನಿನ್ನಣ್ಣ ಅದರ ಮುಂದೆ "ಇಲ್ಲಿ ಗೆರೆ ಎಳೆಯಬಾರದು" ಎಂದು ಚೀಟಿ ಅಂಟಿಸಿದ್ದಾರೆ.

ಮಗಳಿಗೆ, ಅಳಿಯನಿಗೆ, ಬಣ್ಣದ ಪೆಟ್ಟಿಗೆಯ ಒಡತಿಗೆ ನಮ್ಮಿಬ್ಬರ ಆಶೀರ್ವಾದ. ಮೊಮ್ಮಗಳಿಗೆ ಹೇಳು, ಅಜ್ಜಿ ಪೆಟ್ಟಿಗೆ ಕದ್ದು ಕೂತಿದ್ದಕ್ಕೆ ಬಾಡಿಗೆ ಕೇಳಲಿ. ನಿನಗೆ ಆಯುಸ್ಸು, ಆರೋಗ್ಯ, ಕಿಟಕಿಯ ಪಕ್ಕದ ಸೀಟು, ಮೂರೂ ಸಿಗಲಿ.

ಎಂದೆಂದಿಗೂ ನಿನ್ನವಳೇ ಆದ
ಅತ್ತಿಗೆ

ಮತ್ತೆ: ಇದೊಂದು ಹಾಳೆಯನ್ನು ಮಗಳಿಗೆ ತೋರಿಸಬೇಡ, ನೀನೊಬ್ಬಳೇ ಓದಿಕೋ. ನಿನ್ನ ಪ್ರಶ್ನೆಗೆ ಉತ್ತರ: ಕೆಲಸ ನಿಂತಿದೆ. ನಿನಗೋಸ್ಕರ ನಿಲ್ಲಿಸಿಲ್ಲ, ನಿಂತೇ ಹೋಗಿದೆ. ಪೆನ್ನು ದಪ್ಪವೆಂದೆ, ಮೌನಿ ಶೀಶೆ ಅದಲುಬದಲು ಮಾಡಿದನೆಂದೆ, ಆ ಹಿರಿಯರ ಕನ್ನಡಕವನ್ನು ಆಡಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಕಣ್ಣು ಹೋಗುತ್ತಿದೆ ಕಣೆ. ಸುತ್ತಮುತ್ತ ಎಲ್ಲ ಕಾಣುತ್ತದೆ, ಎಲ್ಲಿ ನೋಡಬೇಕೋ ಅಲ್ಲೇ ಒಂದು ಹೊಗೆಯ ಕಲೆ. ಬಣ್ಣದಂಗಡಿಗೆಂದು ಹೇಳಿ ಒಬ್ಬಳೇ ಡಾಕ್ಟರ ಹತ್ತಿರ ಹೋಗಿದ್ದೆ. ಪೂರ್ತಿ ಕತ್ತಲಾಗುವುದಿಲ್ಲವಂತೆ, ಆದರೆ ಹೋದದ್ದು ವಾಪಸ್ಸು ಬರುವುದೂ ಇಲ್ಲವಂತೆ. ನಿನ್ನಣ್ಣನಿಗೆ ಇನ್ನೂ ಹೇಳಿಲ್ಲ. ತಮ್ಮ ಓದು ಕೇಳುವುದು ನನಗೆ ಇಷ್ಟವೆಂದು ದಿನಾ ಪೇಪರನ್ನೂ ಓದಿ ಹೇಳುತ್ತಾರೆ, ಎಷ್ಟು ಸಂತೋಷದಿಂದ ಓದುತ್ತಾರೆಂದರೆ ಹೇಳಲು ಬಾಯಿ ಬರುವುದಿಲ್ಲ. ನೀನು ಬಂದ ದಿನ ಇಬ್ಬರೂ ಕೂತು ಹೇಳೋಣ. ಆಗ ಅವರು ಕೋಣೆಗೆ ಬೀಗ ಹಾಕು ಎನ್ನಲಾರರು, ನನ್ನ ಕೈ ಗಟ್ಟಿಯಿದೆ, ನಿನ್ನ ಕಣ್ಣು ಚುರುಕಿದೆ, ಕುರುಡನ ಹೆಗಲೇರಿದ ಕುಂಟನ ಕಥೆ ಅವರೇ ಎಷ್ಟು ಸಲ ಪಾಠ ಮಾಡಿದ್ದಾರೆ. ಆ ಎರಡು ಚೂರಿನ ಹಿಂದೆ ಯಾವುದು ನಿನ್ನದು, ಯಾವುದು ನನ್ನದು ಎಂದು ಬರೆದಿಲ್ಲ, ಬರೆಯಲು ನನಗೆ ಗೊತ್ತಾಗಲಿಲ್ಲ. ಎರಡನ್ನೂ ತೆಗೆದುಕೊಂಡು ಬಾ.